ಅವ್ವನ ಕ್ರಾಸಿಂಗಿಗೆ ಬಗ್ಗದ ಕಳ್ಳಿ

ನಮ್ಮವ್ವ ಮೂವತ್ತು ವರ್ಷ ಹತ್ತಿ ಹೂವಿಗೆ ಕ್ರಾಸಿಂಗ್ ಮಾಡಿದವಳು. ನಮ್ಮ ಚಿಕ್ಕೇರೂರು ಅಂತಲ್ಲ, ಹಿರೇಕೆರೂರು, ರಾಣೆಬೆನ್ನೂರು ಕಡೆ ಸೀಡ್ಸ್ ಪ್ಲಾಟಿನಲ್ಲಿ ದುಡಿದ ಯಾವ ಹೆಂಗಸನ್ನು ಕೇಳಿದರೂ ಈ ಕೆಲಸ ಬೆರಳ ತುದಿಯಲ್ಲಿರುತ್ತದೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಹಿಡಿದು, ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಸೀಳಿ, ಎಸಳೂ ಕೇಸರವೂ ಟೋಪಿ ಕಳಚಿದಂತೆ ಒಟ್ಟಿಗೆ ಬರುವ ಹಾಗೆ ಎಳೆಯಬೇಕು. ಒಳಗಿನ ಶಲಾಕೆಗೆ ಉಗುರು ತಾಗಿತೋ, ಕಾಯಿ ಉದುರಿತು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಸವರಿ ಗುರುತಿಗೆ ದಾರ ಕಟ್ಟಬೇಕು. ಧಾರವಾಡದಲ್ಲಿ ಬಿ.ಎಚ್. ಕಾತರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರಲ್ಲ, ಅದರ ಬೀಜವೂ ಹೀಗೆ ಕೈಯಿಂದಲೇ ಆಗಬೇಕಿತ್ತು.

ಅಂಥವಳ ಮುಂದೆ ಒಂದು ದಿನ ಕುಂಡ ತಂದಿಟ್ಟು, "ಇದಕ್ಕ ಹೂ ಬಂದೈತಿ ನೋಡಬೇ" ಅಂದೆ. ಅವ್ವ ಚಾಳೀಸು ಏರಿಸಿಕೊಂಡು ಬಗ್ಗಿದಳು. "ಗಿಡ ಎಲ್ಲೈತೋ?"

ಆಕೆಯ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಬ್ಲಾಸ್‌ಫೆಲ್ಡಿಯಾ ಲಿಲಿಪುಟಾನ ಜಗತ್ತಿನ ಅತಿ ಸಣ್ಣ ಕಳ್ಳಿ. ಬಲಿತ ಮೇಲೂ ಅಗಲ ಒಂದು, ಒಂದೂವರೆ ಸೆಂಟಿಮೀಟರ್, ಅಂಗಿಯ ಗುಂಡಿಯಷ್ಟು. ಮುಳ್ಳಿಲ್ಲ, ಏಣಿಲ್ಲ. ಬೂದು ಹಸಿರು ಮೈಮೇಲೆ ಸುರುಳಿಯಾಗಿ ಕೂತ ನವಿರು ತುಪ್ಪಳದ ಚುಕ್ಕೆಗಳು, ಅಷ್ಟೇ. ಆದರೆ ಆ ಚುಕ್ಕೆಗಳೇ ಇದರ ಕುಲಪತ್ರ. ನಾವು ಹಾಲು ಬರುವ ಚದುರಗಳ್ಳಿಯನ್ನೂ ಬದುವಿನ ಡಬ್ಬಗಳ್ಳಿಯನ್ನೂ ಒಂದೇ ಬಾಯಲ್ಲಿ ಕಳ್ಳಿ ಅನ್ನುತ್ತೇವೆ. ಶಾಸ್ತ್ರದವರು ಮಾತ್ರ ಈ ತುಪ್ಪಳದ ಮೆತ್ತೆ ಇದ್ದರಷ್ಟೇ ಕ್ಯಾಕ್ಟಸ್ ಎಂದು ಒಪ್ಪುತ್ತಾರೆ. ಹಾಗಾಗಿ ಡಬ್ಬಗಳ್ಳಿ ಇದರ ನೆಂಟ, ಚದುರಗಳ್ಳಿ ಅಲ್ಲ.

ನೆಂಟನ ಕಥೆ ಬೇರೆಯೇ. ಅಮೆರಿಕದಿಂದ ಬಂದ ಡಬ್ಬಗಳ್ಳಿ ಒಂದು ಹಾಳೆ ಬಿದ್ದಲ್ಲಿ ಬೇರು ಬಿಟ್ಟು ಹೊಲ ನುಂಗಿತು. 1795ರಲ್ಲಿ ಕೆಂಪು ಬಣ್ಣದ ಆಸೆಗೆ ಬಂಗಾಳಕ್ಕೆ ತಂದ ಕೊಚಿನೀಲ್ ಹುಳ ಬಣ್ಣಕ್ಕೆ ಬಾರದೆ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ದಕ್ಷಿಣದಲ್ಲಿ ಉಳಿದ ಜಾತಿಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳ ತರಬೇಕಾಯಿತು. ಅದು ಹೊಲ ನುಂಗುವ ಕಳ್ಳಿ. ನನ್ನದು ಬಂಡೆಯ ಬಿರುಕಲ್ಲಿ ಅವಿತುಕೊಳ್ಳುವ ಕಳ್ಳಿ.

ಬಿರುಕು ಅಂದರೆ ಬಿರುಕೇ. ಬೊಲಿವಿಯಾ, ಅರ್ಜೆಂಟೀನಾಗಳ ಆಂಡಿಸ್ ಪರ್ವತದ ಪೂರ್ವದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸಾವಿರದಿಂದ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಯ ಸೀಳಿನಲ್ಲಿ ಚಿಟಿಕೆ ಮಣ್ಣಿದ್ದರೆ ಅಲ್ಲಿ ಬೇರೂರುತ್ತದೆ. 1937ರಲ್ಲಿ ಜರ್ಮನಿಯ ವೆರ್ಡರ್‌ಮಾನ್ ಇದಕ್ಕೆ ಹೆಸರಿಟ್ಟರು: ಹುಡುಕಿ ತಂದ ಹ್ಯಾರಿ ಬ್ಲಾಸ್‌ಫೆಲ್ಡ್‌ನ ಹೆಸರು ಮುಂದೆ, ಗಲಿವರ್ ಕಂಡ ಗೇಣುದ್ದದ ಮನುಷ್ಯರ ನಾಡು ಲಿಲಿಪುಟ್ ಹಿಂದೆ.

ನನಗೆ ಬೀಜ ಸಿಕ್ಕಿದ್ದು ಬೆಂಗಳೂರಿನ ಹವ್ಯಾಸಿ ಗೆಳೆಯರೊಬ್ಬರಿಂದ. ನಶ್ಯದ ಪುಡಿ ಅಂದುಕೊಳ್ಳಿ. ಮೊದಲ ಸಲದ್ದು ನನ್ನ ಒಂದೇ ಸೀನಿಗೆ ಹಾರಿಹೋಯಿತು. ಎರಡನೇ ಸಲ ಮೊಳೆತ ಸಸಿಗಳನ್ನು ಪಾಚಿ ಮುಚ್ಚಿ ಕೊಂದಿತು. ಮೂರನೇ ಸಲ ಬುದ್ಧಿ ಬಂತು. ಮಸಾರಿ ಮಣ್ಣು, ಮರಳು, ಇಟ್ಟಿಗೆ ಚೂರು ಜರಡಿ ಹಿಡಿದು, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟು (ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ), ಬೀಜವನ್ನು ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ನೀರನ್ನು ಬುಡದ ತಟ್ಟೆಯಿಂದ ಕುಡಿಸಿದೆ. ಸೂಜಿ ಮೊನೆಯಂಥ ಹಸಿರು ಕಂಡಿತು. ವರ್ಷ ಕಳೆದರೂ ಸಾಸಿವೆ ಕಾಳಿನಷ್ಟಾಗಲಿಲ್ಲ. ನಾಲ್ಕು ತಿಂಗಳಿಗೆ ಗೋವಿನಜೋಳ ಕೊಯ್ಯುವ ನಮಗೆ ಇಂಥ ನಿಧಾನ ಅಭ್ಯಾಸವಿಲ್ಲ.

ಅದಕ್ಕೇ ಒಂದೆರಡನ್ನು ಡ್ರಾಗನ್ ಹಣ್ಣಿನ ಕಾಂಡಕ್ಕೆ ಕಸಿ ಕಟ್ಟಿದೆ. ಅದೂ ಕ್ಯಾಕ್ಟಸ್ಸೇ, ಬೆಸುಗೆ ಕೂಡುತ್ತದೆ. ಬ್ಲೇಡಿನಿಂದ ಎರಡನ್ನೂ ಕೊಯ್ದು, ಕಾಂಡದ ನಡುವಿನ ನಾಳದ ಬಳೆಯ ಮೇಲೆ ಸಸಿಯನ್ನು ಒತ್ತಿ ಹಿಡಿದರಾಯಿತು. ಕಸಿಯದು ಕಂಡವರ ಮನೆಯ ಊಟ ಉಂಡ ಹುಡುಗನಂತೆ ಉಬ್ಬಿ, ಪಕ್ಕದಲ್ಲಿ ಮರಿಗಳನ್ನೂ ಹೊತ್ತಿತು. ನೋಡಲು ಚೆಂದ, ಆದರೆ ಬಂಡೆಯ ಗಿಡದ ಬಿಗಿ ಅದರಲ್ಲಿಲ್ಲ.

ಬಿಗಿ ಕಂಡದ್ದು ಸ್ವಂತ ಬೇರಿನ ಸಸಿಗಳಲ್ಲಿ. ಸಂಕ್ರಾಂತಿಯ ನಂತರ ಅಟ್ಟದ ಕಿಟಕಿಯಲ್ಲಿಟ್ಟ ಕುಂಡವನ್ನು ಮರೆತೇಬಿಟ್ಟೆ. ಮುಂಗಾರು ಶುರುವಾದಾಗ ನೆನಪಾಗಿ ನೋಡಿದರೆ ನಾಲ್ಕೂ ಸುಕ್ಕುಗಟ್ಟಿ ಮಣ್ಣಿಗಂಟಿದ ಸಿಪ್ಪೆಯಂತಾಗಿದ್ದವು. ಎಸೆಯುವ ಮುಂಚೆ ನೀರಿಟ್ಟೆ. ವಾರದೊಳಗೆ ಮೂರು ಉಬ್ಬಿ ನಿಂತವು, ಒಂದು ಮಾತ್ರ ಹೋಯಿತು. ಬಾರ್ಟ್‌ಲೋಟ್ ಮತ್ತು ಪೊರೆಂಬ್ಸ್ಕಿ ಎಂಬ ಜರ್ಮನ್ ವಿಜ್ಞಾನಿಗಳು 1996ರಲ್ಲಿ ಇದನ್ನೇ ಬರೆದಿದ್ದಾರೆ. ಉಳಿದ ಕಳ್ಳಿಗಳು ನೀರನ್ನು ಕೂಡಿಟ್ಟು ಬರ ದಾಟಿದರೆ, ಇದು ನೀರು ಕಳೆದುಕೊಂಡೇ ದಾಟುತ್ತದೆ. ಇದರ ಮೈಮೇಲೆ ಉಸಿರಾಡುವ ರಂಧ್ರಗಳೂ ಇಲ್ಲವೆನ್ನುವಷ್ಟು ಕಡಿಮೆ.

ಈಗ ಹೂವಿಗೆ ಬರೋಣ. ಕಸಿಯ ಗಿಡದ ನೆತ್ತಿಯ ತುಪ್ಪಳದಿಂದ ಬಿಳಿ ಹೂವೊಂದು ತಲೆ ಎತ್ತಿತ್ತು. ಅಗಲ ಸೆಂಟಿಮೀಟರೂ ಇಲ್ಲ. ಅವ್ವ ಹಳೇ ಹುಮ್ಮಸ್ಸಿನಲ್ಲಿ ದೀಪದ ಬತ್ತಿಯ ಎಳೆ ಹೊಸೆದುಕೊಂಡು ಬಂದು, "ಗಂಡು ಸಾಲು ಎಲ್ಲಿ?" ಅಂದಳು. ಇದಕ್ಕೆ ಗಂಡು ಸಾಲು ಬೇಡ, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ ಎಂದೆ. ಬಿರುಕಿಗೊಂದು ಗಿಡ ಕೂತಿರುವ ಕಡೆ ದುಂಬಿಯ ದಾರಿ ಕಾಯುತ್ತ ಕೂತರೆ ವಂಶ ನಡೆಯಬೇಕಲ್ಲ. ಅವ್ವ ನಂಬಲಿಲ್ಲ. ಇನ್ನೊಂದು ಮೊಗ್ಗು ಬರುವ ತನಕ ಕಾದು, ಅದರ ಮೇಲೆ ತನ್ನ ಕೈಯಾರೆ ತೆಳು ಬಟ್ಟೆ ಕಟ್ಟಿದಳು. ಒಂದು ನೊಣವೂ ಕೂರಲಿಲ್ಲ. ಆದರೂ ಕಾಯಿ ಬಂತು.

ಒಣಗಿದ ಕಾಯಿಯನ್ನು ಆಕೆಯ ಅಂಗೈಮೇಲೆ ಒಡೆದೆ. ಕಂದು ಬೀಜಗಳಿಗೆ ಸಣ್ಣ ರೋಮ, ಪ್ರತಿಯೊಂದಕ್ಕೂ ಅಂಟಿಕೊಂಡ ಮೆತ್ತನೆಯ ತುಣುಕು. ಇರುವೆಗೆ ಇಂಥ ತುಣುಕೆಂದರೆ ಆಸೆ. ಅವ್ವ ಉಸಿರು ಬಿಗಿಹಿಡಿದು ಅದನ್ನು ಹಳೆಯ ಹತ್ತಿ ಬೀಜದ ಪಾಕೀಟಿಗೆ ಸುರಿದು ನನ್ನ ಕೈಗೆ ಕೊಟ್ಟಳು. "ಹೆಣ್ಣು ಇಂಥಾದ್ದು, ಗಂಡು ಇಂಥಾದ್ದು ಅಂತ ಬರೀತಾರಲ್ಲ, ಇದಕ್ಕೇನ್ ಬರೀತಿ?"

ಪಾಕೀಟಿನ ಮೇಲೆ ಇನ್ನೂ ಏನೂ ಬರೆದಿಲ್ಲ. ಹೂವಿಗೆ ಕಟ್ಟಲು ದಪ್ಪವಾಯಿತೆಂದು ಆಕೆ ಬತ್ತಿಯ ಎಳೆಯನ್ನು ಕುಂಡದ ಕಂಠಕ್ಕೆ ಸುತ್ತಿದ್ದು ಹಾಗೇ ಇದೆ.