ಚ್ಯವನಪ್ರಾಶ: ಗ್ರಂಥದ ಪ್ರಮಾಣ, ಪ್ರಯೋಗದ ಪುರಾವೆ

ನೆಲ್ಲಿಕಾಯಿಯ ತಿರುಳನ್ನು ಹಲವಾರು ಮೂಲಿಕೆಗಳ ಕಷಾಯ, ತುಪ್ಪ, ಎಳ್ಳೆಣ್ಣೆ, ಸಕ್ಕರೆ ಮತ್ತು ಜೇನುತುಪ್ಪಗಳೊಡನೆ ಪಾಕ ಮಾಡಿ ತಯಾರಿಸುವ ಚ್ಯವನಪ್ರಾಶವು ಭಾರತದಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಯುರ್ವೇದ ಲೇಹ್ಯಗಳಲ್ಲಿ ಒಂದಾಗಿದೆ. ಕಾನೂನಿನ ದೃಷ್ಟಿಯಲ್ಲಿ ಅದು ಔಷಧ. ಬಳಸುವ ಬಹುತೇಕ ಕುಟುಂಬಗಳ ಪಾಲಿಗೆ ಮಾತ್ರ ಅದು ವೈದ್ಯರ ಸಲಹೆಯಿಲ್ಲದೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಚಮಚದಲ್ಲಿ ತೆಗೆದುಕೊಂಡು ತಿನ್ನುವ ಆಹಾರ. ಔಷಧದ ಗೌರವ ಮತ್ತು ಆಹಾರದ ಸಲುಗೆ ಎರಡನ್ನೂ ಪಡೆದಿರುವ ಇಂಥ ಪದಾರ್ಥದ ಬಗ್ಗೆ ಪ್ರಾಚೀನ ಗ್ರಂಥ ಏನು ಹೇಳುತ್ತದೆ, ಪ್ರಯೋಗಾಲಯ ಏನನ್ನು ಕಂಡಿದೆ, ಮಾರುಕಟ್ಟೆ ಏನನ್ನು ಸಾರುತ್ತಿದೆ ಎಂಬ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಅಗತ್ಯ.

ಚ್ಯವನಪ್ರಾಶದ ಪ್ರಸಿದ್ಧ ಪಾಠವು ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿದೆ. ವಯೋವೃದ್ಧನಾದ ಚ್ಯವನ ಮಹರ್ಷಿಗೆ ಇದರಿಂದ ಯೌವನ ಮರಳಿತೆಂಬ ಐತಿಹ್ಯದಿಂದ ಆ ಹೆಸರು ಬಂದಿದೆ. ಆ ಅಧ್ಯಾಯದ ವಿಷಯ ರಸಾಯನ, ಅಂದರೆ ದೇಹದ ಧಾತುಗಳನ್ನು ಪೋಷಿಸಿ ಮುಪ್ಪನ್ನು ಹಿಂದೂಡುವ ಚಿಕಿತ್ಸಾಕ್ರಮ. ಕೆಮ್ಮು ಮತ್ತು ಉಬ್ಬಸದಿಂದ ಬಳಲುವವರು, ಗಾಯಗೊಂಡು ಕೃಶರಾದವರು, ವೃದ್ಧರು ಮತ್ತು ಬೆಳೆಯುವ ಮಕ್ಕಳು ಇದಕ್ಕೆ ಅರ್ಹರೆಂದು ಹೇಳುವ ಗ್ರಂಥವು, ಊಟಕ್ಕೆ ಅಡ್ಡಿಯಾಗದಷ್ಟು ಪ್ರಮಾಣವನ್ನೇ ಸೇವಿಸಬೇಕೆಂಬ ಮಿತಿಯನ್ನೂ ಹಾಕುತ್ತದೆ. ರಸಾಯನಕ್ಕೆ ಮುನ್ನ ದೇಹಶೋಧನೆ ನಡೆಯಬೇಕು, ಅದರ ಜೊತೆಗೆ ನಿಯಮಬದ್ಧ ಜೀವನವೂ ಇರಬೇಕು ಎಂಬುದು ಅಲ್ಲಿನ ನಿಲುವು. ಹೀಗೆ ಒಂದು ಇಡೀ ಕ್ರಮದ ಭಾಗವಾಗಿದ್ದ ಲೇಹ್ಯವು ಇಂದು ಆ ಕ್ರಮದಿಂದ ಬೇರ್ಪಟ್ಟು, ಒಂಟಿಯಾಗಿ ಡಬ್ಬಿಯಲ್ಲಿ ಮಾರಾಟವಾಗುತ್ತಿದೆ.

ಲೇಹ್ಯವನ್ನು ಮಾಡುವ ವಿಧಾನದಲ್ಲಿ ಗಮನಾರ್ಹವಾದ ಆಹಾರವಿಜ್ಞಾನ ಅಡಗಿದೆ. ಐನೂರು ನೆಲ್ಲಿಕಾಯಿಗಳನ್ನು ದಶಮೂಲ, ಅಂದರೆ ಬಿಲ್ವ, ಶಿವನೆ, ಪಾದರಿ, ನೆಗ್ಗಿಲು ಮೊದಲಾದ ಹತ್ತು ಸಸ್ಯಗಳ ಬೇರುಗಳು, ಹಾಗೂ ಅಮೃತಬಳ್ಳಿ, ಅಳಲೆಕಾಯಿಯಂಥ ಇತರ ಮೂಲಿಕೆಗಳೊಂದಿಗೆ ಬೇಯಿಸಿ, ಬೀಜ ತೆಗೆದ ತಿರುಳನ್ನು ಹನ್ನೆರಡು ಪಲ ತುಪ್ಪ ಮತ್ತು ಎಳ್ಳೆಣ್ಣೆಯಲ್ಲಿ ಹುರಿದು, ಸೋಸಿದ ಕಷಾಯಕ್ಕೆ ಐವತ್ತು ಪಲ ಸಕ್ಕರೆ ಹಾಕಿ ಪಾಕಕ್ಕೆ ತರಲಾಗುತ್ತದೆ; ಪಾಕ ತಣಿದ ಮೇಲೆ ಆರು ಪಲ ಜೇನುತುಪ್ಪವೂ ಹಿಪ್ಪಲಿ, ಏಲಕ್ಕಿ, ದಾಲ್ಚಿನ್ನಿ, ನಾಗಕೇಸರಗಳ ಪುಡಿಯೂ ಸೇರುತ್ತವೆ. ಒಂದು ಪಲವನ್ನು ಇಂದಿನ ಲೆಕ್ಕದಲ್ಲಿ 48 ಗ್ರಾಂ ಎಂದು ಹಿಡಿದರೆ ಸಕ್ಕರೆಯ ತೂಕವೇ 2.4 ಕೆ.ಜಿ. ಆಗುತ್ತದೆ. ಈ ಸಕ್ಕರೆಯು ರುಚಿಯನ್ನು ಕೊಡುವುದರ ಜೊತೆಗೆ ನೀರಿನ ಅಣುಗಳನ್ನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಬೇಕಾದ ತೇವಾಂಶ ದೊರೆಯದಂತೆ ಮಾಡುವುದರಿಂದ, ಶೈತ್ಯಾಗಾರವಿಲ್ಲದ ಕಾಲದಲ್ಲಿಯೂ ಲೇಹ್ಯ ಬಹುಕಾಲ ಕೆಡದೆ ಉಳಿಯುತ್ತಿತ್ತು. ನೀರಿನಲ್ಲಿ ಕರಗದ ಸುಗಂಧ ತೈಲಗಳನ್ನೂ ಇತರ ಅಂಶಗಳನ್ನೂ ಜಿಡ್ಡು ತನ್ನಲ್ಲಿ ಕರಗಿಸಿಕೊಳ್ಳುತ್ತದೆ.

ಆಧುನಿಕ ಜಾಹೀರಾತುಗಳಲ್ಲಿ ಈ ಲೇಹ್ಯಕ್ಕೆ ವೈಜ್ಞಾನಿಕ ಬೆಂಬಲವೆಂದು ಮೊದಲು ಮುಂದಿಡುವುದು ನೆಲ್ಲಿಕಾಯಿಯ ಸಿ ಜೀವಸತ್ವವನ್ನು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಸಿ ಜೀವಸತ್ವ ಎಂದಿದ್ದರೆ, ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಆ ಸಂಖ್ಯೆ ಸುಮಾರು 250ಕ್ಕೆ ಇಳಿದಿದೆ. ತಳಿ ಮತ್ತು ಹಣ್ಣಿನ ಪಕ್ವತೆಯಿಂದ ಇಂಥ ವ್ಯತ್ಯಾಸ ಬರಬಹುದಾದರೂ ಅಳೆಯುವ ವಿಧಾನವೂ ಇದರಲ್ಲಿ ಪಾತ್ರ ವಹಿಸುತ್ತದೆ. ಬೆಂಗಳೂರಿನ ಸಾಮಿ ಲ್ಯಾಬ್ಸ್ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ನೆಲ್ಲಿಕಾಯಿಯ ಸಾರದಲ್ಲಿ ಸಿ ಜೀವಸತ್ವವೆಂದು ಎಣಿಕೆಯಾಗುತ್ತಿದ್ದ ಅಂಶದ ದೊಡ್ಡ ಪಾಲು ವಾಸ್ತವವಾಗಿ ಮ್ಯೂಸಿಕ್ ಆಮ್ಲದ ಗ್ಯಾಲೇಟುಗಳೆಂಬ ಬೇರೆ ಸಂಯುಕ್ತಗಳದೆಂದು ತೋರಿಸಿತು. ಇದಲ್ಲದೆ ಸಿ ಜೀವಸತ್ವವು ಶಾಖಕ್ಕೂ ಗಾಳಿಗೂ ಬೇಗ ನಾಶವಾಗುವ ವಸ್ತುವಾದ್ದರಿಂದ, ದೀರ್ಘಕಾಲ ಕುದಿಸಿ ಹುರಿದ ಲೇಹ್ಯದ ಒಂದು ಚಮಚದಲ್ಲಿ ತಾಜಾ ಕಾಯಿಯಲ್ಲಿರುವಷ್ಟು ಉಳಿದಿರುತ್ತದೆಂದು ನಿರೀಕ್ಷಿಸುವಂತಿಲ್ಲ. ಶಾಖವನ್ನು ಹೆಚ್ಚು ತಾಳಿಕೊಳ್ಳುವ ಟ್ಯಾನಿನ್ ಹಾಗೂ ಇತರ ಪಾಲಿಫಿನಾಲ್‌ಗಳು, ಅಂದರೆ ಸಸ್ಯಗಳ ಒಗರು ರುಚಿಗೆ ಕಾರಣವಾದ ರಾಸಾಯನಿಕಗಳು, ಈ ಲೇಹ್ಯದ ನಿಜವಾದ ಸಂಪತ್ತು ಆಗಿರಬಹುದು.

ಸಿ ಜೀವಸತ್ವವೇ ಸಾಕಷ್ಟಿದ್ದರೂ ಅದು ನೆಗಡಿಯನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ದೊರೆತಿದೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ದಿನಕ್ಕೆ 200 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದರೂ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗುವುದಿಲ್ಲ. ಅದರ ಅವಧಿ ಮಾತ್ರ ದೊಡ್ಡವರಲ್ಲಿ ಸುಮಾರು ಶೇ. 8, ಮಕ್ಕಳಲ್ಲಿ ಶೇ. 14ರಷ್ಟು ತಗ್ಗುತ್ತದೆ.

‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಚರ್ಮ, ಲೋಳೆಪೊರೆ, ಬಿಳಿ ರಕ್ತಕಣಗಳ ಹಲವು ವಿಧಗಳು, ಪ್ರತಿಕಾಯಗಳು ಮತ್ತು ಅವುಗಳ ನಡುವಿನ ರಾಸಾಯನಿಕ ಸಂಕೇತಗಳು ಸೇರಿದ ಈ ವ್ಯವಸ್ಥೆಯು ಅಗತ್ಯಕ್ಕೆ ತಕ್ಕಂತೆ ಏರಿ ಇಳಿಯುವುದರಲ್ಲಿಯೇ ಆರೋಗ್ಯವಿದೆ. ಮಿತಿಮೀರಿ ಏರಿದರೆ ಅಲರ್ಜಿಯೂ, ಸ್ವಂತ ಅಂಗಾಂಶವನ್ನೇ ಆಕ್ರಮಿಸುವ ಸ್ವಯಂನಿರೋಧಕ ರೋಗಗಳೂ ಉಂಟಾಗುತ್ತವೆ. ಆದ್ದರಿಂದ ಯಾವ ಕಣ, ಯಾವ ರೋಗ, ಎಷ್ಟು ಪ್ರಮಾಣ, ಎಷ್ಟು ಕಾಲ ಎಂದು ನಿರ್ದಿಷ್ಟವಾಗಿ ಹೇಳಿದಾಗ ಮಾತ್ರ ಇಂಥ ಹೇಳಿಕೆಯನ್ನು ಪರೀಕ್ಷಿಸಲು ಸಾಧ್ಯ. ಪ್ರಾಣಿಗಳಲ್ಲಿಯೂ ಕೋಶಗಳಲ್ಲಿಯೂ ನಡೆದ ಅಧ್ಯಯನಗಳು ಉತ್ಕರ್ಷಣವನ್ನು ತಡೆಯುವ ಮತ್ತು ಉರಿಯೂತವನ್ನು ಶಮನಗೊಳಿಸುವ ಗುಣಗಳನ್ನು ಗುರುತಿಸಿವೆ. ಮನುಷ್ಯರ ಮೇಲಿನ ಪ್ರಯೋಗಗಳು ಕಡಿಮೆ, ಅವುಗಳ ಗಾತ್ರವೂ ಹಲವೊಮ್ಮೆ ಚಿಕ್ಕದು. ದೆಹಲಿಯ ಏಮ್ಸ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚ್ಯವನಪ್ರಾಶವು ಗ್ಲೂಕೋಸ್ ಸೇವನೆಯ ನಂತರದ ರಕ್ತದ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಸಿ ಜೀವಸತ್ವಕ್ಕಿಂತ ಹೆಚ್ಚು ತಗ್ಗಿಸಿದ್ದು ಕಂಡುಬಂದಿತು. ಆದರೆ ಅದರಲ್ಲಿ ಭಾಗವಹಿಸಿದ್ದವರು ಹತ್ತು ಮಂದಿ ಆರೋಗ್ಯವಂತ ಯುವಕರು ಮಾತ್ರ. ಇಷ್ಟು ಗಾಢವಾದ ರುಚಿ ಮತ್ತು ವಾಸನೆಯ ಲೇಹ್ಯಕ್ಕೆ ಹೋಲುವ, ಆದರೆ ಔಷಧಾಂಶವಿಲ್ಲದ ಹುಸಿಮದ್ದನ್ನು ತಯಾರಿಸುವುದು ಕಷ್ಟವಾದ್ದರಿಂದ, ತಾವು ಏನು ತಿನ್ನುತ್ತಿದ್ದೇವೆಂಬುದು ಗೊತ್ತಿರುವವರ ಅನಿಸಿಕೆಗಳೇ ಫಲಿತಾಂಶದಲ್ಲಿ ಸೇರಿಕೊಳ್ಳುವ ಅಪಾಯವೂ ಇದೆ.

ಸಕ್ಕರೆಯ ವಿಷಯದಲ್ಲಿ ಇಷ್ಟು ಅನಿಶ್ಚಿತತೆಯಿಲ್ಲ. ತೂಕದ ಅರ್ಧದಷ್ಟು ಸಕ್ಕರೆ ಇರುವ ಲೇಹ್ಯವನ್ನು ದಿನಕ್ಕೆ ಎರಡು ಬಾರಿ 12 ಗ್ರಾಂನಂತೆ ತಿಂದರೆ 12 ಗ್ರಾಂ ಸಕ್ಕರೆ ದೇಹವನ್ನು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ದಿನಕ್ಕೆ ಸುಮಾರು 25 ಗ್ರಾಂನ ಉತ್ತಮ ಮಿತಿಯಲ್ಲಿ ಇದು ಹತ್ತಿರ ಹತ್ತಿರ ಅರ್ಧ ಪಾಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿರುವಾಗ, ದೈಹಿಕ ಶ್ರಮವೇ ಬದುಕಾಗಿದ್ದ ಕಾಲದ ಪುಷ್ಟಿಕರ ಪಾಕವನ್ನು ಇಂದಿನ ಊಟದ ಮೇಲೆ ಹಾಗೆಯೇ ಹೇರುವುದು ಸರಿಯಲ್ಲ. ಹಿಪ್ಪಲಿಯಲ್ಲಿರುವ ಪೈಪರಿನ್ ಎಂಬ ಅಂಶವು ಇತರ ಔಷಧಗಳ ಹೀರಿಕೆಯನ್ನು ಬದಲಿಸಬಲ್ಲದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಅಧ್ಯಯನದಲ್ಲಿ ಅದು ಅರಿಸಿನದ ಕರ್ಕ್ಯುಮಿನ್‌ನ ಲಭ್ಯತೆಯನ್ನು ಇಪ್ಪತ್ತು ಪಟ್ಟು ಹೆಚ್ಚಿಸಿತ್ತು. ಚಮಚದ ಲೇಹ್ಯದಲ್ಲಿ ಅದರ ಪ್ರಮಾಣ ಅಲ್ಪವಾದರೂ, ನಿತ್ಯ ಔಷಧ ಸೇವಿಸುವವರು ಲೇಹ್ಯದ ವಿಷಯವನ್ನು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಪುರಾವೆ ಇಷ್ಟು ಅಪೂರ್ಣವಾಗಿದ್ದರೂ ಮಾರುಕಟ್ಟೆ ಬೆಳೆದದ್ದಕ್ಕೆ ಕಾನೂನಿನ ಚೌಕಟ್ಟೂ ಒಂದು ಕಾರಣ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯು ಆಯುರ್ವೇದದ ಪ್ರಮಾಣಗ್ರಂಥಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿರುವ ಯೋಗವನ್ನು, ಅಂದರೆ ಔಷಧ ತಯಾರಿಯ ಪಾಠವನ್ನು, ಅಲ್ಲಿ ಹೇಳಿದ ಉದ್ದೇಶಕ್ಕಾಗಿ ತಯಾರಿಸಲು ಹೊಸದಾಗಿ ರೋಗಿಗಳ ಮೇಲೆ ಪ್ರಯೋಗ ನಡೆಸಬೇಕಾಗಿಲ್ಲ. ಪರಂಪರೆಯ ವೈದ್ಯಕ್ಕೆ ಮನ್ನಣೆ ಕೊಡುವ ಈ ವ್ಯವಸ್ಥೆಯಲ್ಲಿ ಅರ್ಥವಿದೆ. ಆದರೆ ಕೆಮ್ಮು, ಕೃಶತೆಗಳಿಗೆಂದು ಗ್ರಂಥ ಹೇಳಿದ ಯೋಗವು ಸಕಲ ಸೋಂಕುಗಳಿಂದ ರಕ್ಷಿಸುವ ಕವಚವೆಂದು ಪ್ರಚಾರವಾದಾಗ, ಗ್ರಂಥವಾಗಲಿ ಪ್ರಯೋಗವಾಗಲಿ ಆಧಾರ ಕೊಡದ ಜಾಗಕ್ಕೆ ಮಾತು ದಾಟಿರುತ್ತದೆ. 1884ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಡಾಬರ್ 1949ರಲ್ಲಿ ಚ್ಯವನಪ್ರಾಶವನ್ನು ತನ್ನ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೈದ್ಯನಾಥ್, ಇಮಾಮಿಯ ಝಂಡು, ಪತಂಜಲಿಗಳು ಸ್ಪರ್ಧೆಯಲ್ಲಿವೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುತ್ತಿದ್ದಾಗ ಆಯುಷ್ ಸಚಿವಾಲಯವು ಬೆಳಿಗ್ಗೆ 10 ಗ್ರಾಂ ಚ್ಯವನಪ್ರಾಶ ಸೇವಿಸಲು, ಮಧುಮೇಹಿಗಳು ಸಕ್ಕರೆರಹಿತವಾದುದನ್ನು ಬಳಸಲು ಸಲಹೆ ನೀಡಿದ ಮೇಲೆ ಬೇಡಿಕೆ ಹಲವು ಪಟ್ಟು ಏರಿತು. ಇತರರ ಲೇಹ್ಯ ಸಾಧಾರಣವೆಂದು ಬಿಂಬಿಸಿದ ಜಾಹೀರಾತಿನ ವಿರುದ್ಧ ಡಾಬರ್ ಕಂಪನಿಯು ಪತಂಜಲಿಯನ್ನು ದೆಹಲಿ ಹೈಕೋರ್ಟಿಗೆ ಎಳೆದ ಪ್ರಕರಣದಲ್ಲಿ, 2025ರ ಜುಲೈನಲ್ಲಿ ಮಧ್ಯಂತರ ತಡೆಯಾಜ್ಞೆಯೂ ಬಂದಿತು. ಮೂಲಿಕೆಗಳ ಸಂಖ್ಯೆಯ ಸುತ್ತ ನಡೆದ ಈ ವಾದದಲ್ಲಿ ಬಳಕೆದಾರನಿಗೆ ಬೇಕಾದ ಪ್ರಶ್ನೆ, ಅಂದರೆ ಆ ಮೂಲಿಕೆಗಳ ಪ್ರಮಾಣ ಮತ್ತು ಪರಿಣಾಮದ ಪ್ರಶ್ನೆ, ಹಿಂದೆ ಉಳಿಯಿತು.

ಬೆಳೆದ ಬೇಡಿಕೆಯ ಭಾರ ಕಾಡಿನ ಮೇಲೂ ಬೀಳುತ್ತದೆ. ಯೋಗದಲ್ಲಿ ಹೇಳಿದ ಜೀವಕ, ಋಷಭಕ, ಮೇದಾ, ಕಾಕೋಲಿಗಳು ಅಷ್ಟವರ್ಗವೆಂಬ ಹಿಮಾಲಯದ ಅಪರೂಪದ ಸಸ್ಯಗಳ ಗುಂಪಿಗೆ ಸೇರಿವೆ. ಅದೇ ಗುಂಪಿನ ಕ್ಷೀರಕಾಕೋಲಿಯೆಂದು ಗುರುತಿಸಲಾಗುವ ಲಿಲಿಯಮ್ ಪಾಲಿಫಿಲಮ್ ತೀವ್ರ ವಿನಾಶದ ಅಂಚಿನಲ್ಲಿದೆ. ಹದಿನಾರನೆಯ ಶತಮಾನದ ಭಾವಪ್ರಕಾಶವೇ ಇವುಗಳಿಗೆ ಬದಲಾಗಿ ಶತಾವರಿ, ಅಶ್ವಗಂಧಗಳಂಥ ಪ್ರತಿನಿಧಿ ದ್ರವ್ಯಗಳನ್ನು ಸೂಚಿಸಿರುವುದರಿಂದ ಈ ಕೊರತೆ ಹೊಸತಲ್ಲ. ದಶಮೂಲದ ಮರಗಳ ಬೇರನ್ನು ಅಗೆದರೆ ಮರವೇ ಸಾಯುತ್ತದೆ. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ ಸಂಗ್ರಹಿಸಿಕೊಂಡು ಬಂದಿದ್ದು, ಅವರೊಂದಿಗೆ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳು ಬಂದಳಿಕೆಯೆಂಬ ಪರಾವಲಂಬಿ ಸಸ್ಯವು ನೆಲ್ಲಿಮರಗಳನ್ನು ಬಲಿತೆಗೆದುಕೊಳ್ಳುತ್ತಿರುವುದನ್ನು ದಾಖಲಿಸಿದ್ದಾರೆ. ಸೋಲಿಗರಿಗೆ 2011ರಲ್ಲಿ ಅಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಲೇಹ್ಯದ ಬೆಲೆಯಲ್ಲಿ ಇಂಥ ಸಂಗ್ರಾಹಕರ ಪಾಲೂ ಮರಗಳ ಮರುಹುಟ್ಟಿನ ವೆಚ್ಚವೂ ಸೇರಬೇಕಾದದ್ದು ನ್ಯಾಯ.

ಚ್ಯವನಪ್ರಾಶವನ್ನು ತಿರಸ್ಕರಿಸಲು ವಿಜ್ಞಾನ ಕಾರಣ ಕೊಟ್ಟಿಲ್ಲ; ಅದರ ಮೇಲೆ ಹೊರಿಸಿರುವ ಎಲ್ಲ ಭರವಸೆಗಳನ್ನು ಒಪ್ಪಲೂ ಕಾರಣ ಕೊಟ್ಟಿಲ್ಲ. ಸಮತೋಲಿತ ಊಟ, ನಿದ್ರೆ, ಲಸಿಕೆಗಳ ಸ್ಥಾನವನ್ನು ಅದು ತುಂಬಲಾರದು. ಕೊಳ್ಳುವವರು ಡಬ್ಬಿಯ ಚೀಟಿಯಲ್ಲಿ ಸಕ್ಕರೆಯ ಪ್ರಮಾಣವನ್ನು ಹುಡುಕಿ ಓದಬೇಕು, ತಯಾರಕರು ಪ್ರತಿ ಚಮಚದ ಸಕ್ಕರೆ ಮತ್ತು ಮುಖ್ಯ ಮೂಲಿಕೆಗಳ ತೂಕವನ್ನು ಸ್ಪಷ್ಟವಾಗಿ ಮುದ್ರಿಸಬೇಕು, ಸರ್ಕಾರವು ಮಾರಾಟಗಾರರಿಂದ ಸ್ವತಂತ್ರವಾದ, ಸಾಕಷ್ಟು ದೊಡ್ಡದಾದ ಪ್ರಯೋಗಗಳಿಗೆ ಹಣ ಒದಗಿಸಬೇಕು. ಎರಡು ಸಾವಿರ ವರ್ಷಗಳಷ್ಟು ಹಳೆಯ ಪರಂಪರೆಯ ಯೋಗವೊಂದನ್ನು ಇಂದಿನ ಅತ್ಯುತ್ತಮ ವಿಧಾನದಿಂದ ಪರೀಕ್ಷಿಸುವುದೇ ಆ ಪರಂಪರೆಗೆ ಸಲ್ಲಿಸಬಹುದಾದ ನಿಜವಾದ ಗೌರವ.