ರಾಜೀನಾಮೆ ಕೊಟ್ಟವರಿಗೆ ಇನ್ಸೆಂಟಿವ್ ದಕ್ಕುವುದೇ? ನೇಮಕಾತಿ ಪತ್ರದಲ್ಲಿದೆ ಉತ್ತರ

ಚಿತ್ರದುರ್ಗ: ಆರ್ಥಿಕ ವರ್ಷದ ಕೊನೆ ಸಮೀಪಿಸಿದಂತೆ ಖಾಸಗಿ ನೌಕರರನ್ನು ಕಾಡುವ ಪ್ರಶ್ನೆಯೊಂದಿದೆ. ಬೇರೆಡೆ ಉತ್ತಮ ಕೆಲಸ ದೊರೆತಿದೆ. ಈಗಲೇ ರಾಜೀನಾಮೆ ಸಲ್ಲಿಸಿದರೆ ವರ್ಷವಿಡೀ ದುಡಿದು ಗಳಿಸಿದ ಇನ್ಸೆಂಟಿವ್ ಹಣದ ಗತಿಯೇನು? ನಗರದ ಖಾಸಗಿ ಬ್ಯಾಂಕು, ವಾಹನ ಮಾರಾಟ ಮಳಿಗೆಗಳಿಂದ ಹಿಡಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ ಕಂತು ವಸೂಲು ಮಾಡುವ ಕಿರುಸಾಲ ಸಂಸ್ಥೆಗಳ ಸಿಬ್ಬಂದಿಯವರೆಗೆ ಅನೇಕರ ಸಂಬಳದಲ್ಲಿ ಇಂತಹ ಅನಿಶ್ಚಿತ ಭಾಗವೊಂದು ಇದ್ದೇ ಇರುತ್ತದೆ.

ಉತ್ತರ ಹುಡುಕುವ ಮೊದಲು, ಬರಬೇಕಾದ ಹಣ ಯಾವುದು ಎಂಬುದನ್ನು ಗುರುತಿಸಿಕೊಳ್ಳಬೇಕು. ಎಲ್ಲವನ್ನೂ ಬೋನಸ್ ಎಂದೇ ಕರೆಯುವ ರೂಢಿಯಿಂದ ಗೊಂದಲ ಹೆಚ್ಚಿದೆ. ಕಾನೂನು ಕೊಡಿಸುವ ಬೋನಸ್ ಬೇರೆ, ಸಂಸ್ಥೆ ತಾನೇ ಒಪ್ಪಿಕೊಂಡು ಕೊಡುವ ಇನ್ಸೆಂಟಿವ್ ಬೇರೆ.

ಶಾಸನಬದ್ಧ ಬೋನಸ್ ವಿಷಯದಲ್ಲಿ ನೌಕರನ ಸ್ಥಿತಿ ಗಟ್ಟಿಯಾಗಿದೆ. 1965ರ ಬೋನಸ್ ಪಾವತಿ ಕಾಯ್ದೆಯ ಮುಖ್ಯ ನಿಯಮಗಳನ್ನು 2019ರ ವೇತನ ಸಂಹಿತೆ ಉಳಿಸಿಕೊಂಡಿದೆ. ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ನಿಗದಿತ ವೇತನ ಮಿತಿಯೊಳಗಿರುವ ನೌಕರನು ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ್ದರೆ ಶೇ 8.33ರಷ್ಟು ಬೋನಸ್‌ಗೆ ಅರ್ಹನಾಗುತ್ತಾನೆ. ಗರಿಷ್ಠ ಪ್ರಮಾಣ ಶೇ 20. ವಂಚನೆ, ಹಿಂಸಾತ್ಮಕ ವರ್ತನೆ, ಕಳವು, ಹಣ ದುರುಪಯೋಗ, ವಿಧ್ವಂಸಕ ಕೃತ್ಯ ಅಥವಾ ಲೈಂಗಿಕ ಕಿರುಕುಳದ ಅಪರಾಧಕ್ಕಾಗಿ ಸೇವೆಯಿಂದ ವಜಾಗೊಂಡವರು ಈ ಹಕ್ಕು ಕಳೆದುಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ರಾಜೀನಾಮೆ ಇಲ್ಲ.

ಲೆಕ್ಕ ಹೀಗೆ: ಬೋನಸ್ ಗಣನೆಗೆ ತೆಗೆದುಕೊಳ್ಳುವ ಮಾಸಿಕ ವೇತನ 12,000 ರೂಪಾಯಿ ಎಂದಿಟ್ಟುಕೊಂಡರೆ, ಏಳು ತಿಂಗಳು ದುಡಿದು ಹೊರಬಿದ್ದವನಿಗೆ 84,000 ರೂಪಾಯಿಯ ಶೇ 8.33, ಅಂದರೆ ಸುಮಾರು 6,997 ರೂಪಾಯಿ ಸಲ್ಲಬೇಕು. ಆದರೆ ಅದು ಕೈಸೇರಲು ಕಾಯಬೇಕಾದೀತು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಪಾವತಿಸಲು ಮಾಲೀಕರಿಗೆ ಅವಕಾಶವಿದೆ. ಕೆಲಸ ಬಿಟ್ಟವರಲ್ಲಿ ಬಹಳ ಮಂದಿ ಅಷ್ಟರಲ್ಲಿ ಕೇಳುವುದನ್ನೇ ಮರೆತಿರುತ್ತಾರೆ.

ಇನ್ಸೆಂಟಿವ್ ಅಥವಾ ಕಾರ್ಯಸಾಧನೆ ಆಧಾರಿತ ವೇತನದ ಕಥೆ ಬೇರೆ. ಇದನ್ನು ಕೊಡಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ನೇಮಕಾತಿ ಪತ್ರ ಮತ್ತು ಸಂಸ್ಥೆಯ ಇನ್ಸೆಂಟಿವ್ ನಿಯಮಾವಳಿಯೇ ಆಧಾರ. ಹಿರಿಯೂರಿನ ಮಳಿಗೆಯೊಂದರ ಮಾರಾಟ ಪ್ರತಿನಿಧಿ ಫೆಬ್ರುವರಿಯಲ್ಲೇ ವರ್ಷದ ಗುರಿ ಮುಟ್ಟಿ, ಮಾರ್ಚ್ ಕೊನೆಗೆ ಕೆಲಸ ಬಿಟ್ಟನೆಂದು ಭಾವಿಸೋಣ. ‘ಪ್ರತಿ ವಾಹನಕ್ಕೆ ಇಂತಿಷ್ಟು’ ಎಂದು ಪತ್ರದಲ್ಲಿದ್ದರೆ, ಮಾರಾಟವಾದ ದಿನವೇ ಹಣ ಗಳಿಕೆಯಾಯಿತು ಎಂದು ಆತ ಬಲವಾಗಿ ವಾದಿಸಬಹುದು. ‘ಪಾವತಿಯ ದಿನದಂದು ಸೇವೆಯಲ್ಲಿರತಕ್ಕದ್ದು, ನೋಟಿಸ್ ಅವಧಿಯಲ್ಲಿ ಇರಕೂಡದು’ ಎಂದಿದ್ದರೆ ಮತ್ತು ಪಾವತಿ ಜೂನ್‌ನಲ್ಲಾದರೆ ಆತನ ಹಾದಿ ಕಠಿಣ. ‘ಆಡಳಿತ ಮಂಡಳಿಯ ವಿವೇಚನೆಗೆ ಒಳಪಟ್ಟು’ ಎಂದಿದ್ದರೆ ಇನ್ನೂ ಕಠಿಣ. ಈ ಷರತ್ತುಗಳು ಬಹುತೇಕ ಪತ್ರದ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿರುತ್ತವೆ. ಕೆಲಸ ಸಿಕ್ಕ ಸಂತೋಷದಲ್ಲಿ ಅವನ್ನು ಓದುವವರು ವಿರಳ.

ಸಹಿ ಹಾಕಿದ ಷರತ್ತನ್ನು ನ್ಯಾಯಾಲಯಗಳು ಎಷ್ಟು ಗಂಭೀರವಾಗಿ ಪರಿಗಣಿಸುತ್ತವೆ ಎಂಬುದಕ್ಕೆ ಕರ್ನಾಟಕದ್ದೇ ಪ್ರಕರಣವಿದೆ. ವಿಜಯಾ ಬ್ಯಾಂಕ್‌ನಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿಗೆ ಒಪ್ಪಿದ್ದ ಹಿರಿಯ ವ್ಯವಸ್ಥಾಪಕರೊಬ್ಬರು 2009ರಲ್ಲಿ ರಾಜೀನಾಮೆ ನೀಡಿ, ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಷರತ್ತು ಸಿಂಧು ಎಂದಿತು. ಅಷ್ಟರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆರು ವರ್ಷ ಸಂದಿತ್ತು. ಅದು ಸೇವಾ ಬಾಂಡ್‌ನ ವ್ಯಾಜ್ಯವೇ ಹೊರತು ಇನ್ಸೆಂಟಿವ್‌ನದಲ್ಲ; ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ ವೆಚ್ಚವನ್ನೂ ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತ್ತು. ಎಲ್ಲ ಷರತ್ತಿಗೂ ಅದನ್ನು ಅನ್ವಯಿಸಲಾಗದು.

ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕೆಂದು ವೇತನ ಸಂಹಿತೆ ವಿಧಿಸುತ್ತದೆ. ಆದರೆ ಕಮಿಷನ್ ಹಾಗೂ ಶಾಸನಬದ್ಧ ಬೋನಸ್ ಅಲ್ಲಿನ ವೇತನ ವ್ಯಾಖ್ಯೆಯಿಂದ ಹೊರಗಿವೆ. ಹೀಗಾಗಿ ತಿಂಗಳ ಸಂಬಳಕ್ಕೆ ದೊರೆಯುವ ಎರಡು ದಿನದ ರಕ್ಷಣೆ ಕಮಿಷನ್‌ಗೂ ದೊರೆಯುತ್ತದೆಂದು ನಂಬಿ ಕೂರುವಂತಿಲ್ಲ.

ವೇತನ, ಬೋನಸ್ ಬಾಕಿಗೆ ಸಂಹಿತೆಯಡಿಯ ಪ್ರಾಧಿಕಾರಕ್ಕೆ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಹಣ ಪಾವತಿಸಿದ್ದನ್ನು ಸಾಬೀತುಪಡಿಸುವ ಹೊಣೆ ಮಾಲೀಕನದು. ಮಳಿಗೆ, ಕಾರ್ಖಾನೆಗಳ ನೌಕರರು ರಾಜ್ಯದ ಕಾರ್ಮಿಕ ಇಲಾಖೆಯನ್ನು ಸಂಪರ್ಕಿಸಬೇಕು. ಬ್ಯಾಂಕು, ವಿಮೆ ಮತ್ತು ಜಿಲ್ಲೆಯ ಗಣಿಗಳಲ್ಲಿ ದುಡಿಯುವವರಿಗೆ ಸಂಬಂಧಿಸಿದ್ದು ಕೇಂದ್ರದ ಕಾರ್ಮಿಕ ಅಧಿಕಾರಿಗಳು. ಕೇವಲ ಒಪ್ಪಂದದ ಇನ್ಸೆಂಟಿವ್‌ಗೆ ಸಿವಿಲ್ ದಾವೆಯ ಹಾದಿಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ.

ರಾಜೀನಾಮೆಗೆ ಮೊದಲೇ ಗುರಿ ನಿಗದಿಪಡಿಸಿದ ಪತ್ರ, ಸಾಧನೆಯ ಲೆಕ್ಕ, ಹಿಂದಿನ ವರ್ಷಗಳ ಇನ್ಸೆಂಟಿವ್ ಕಾಣಿಸಿದ ಸಂಬಳದ ಚೀಟಿಗಳ ಪ್ರತಿ ಇಟ್ಟುಕೊಳ್ಳುವುದು ಒಳಿತು. ಕೊನೆಯ ದಿನ ಸಂಸ್ಥೆಯ ಇ-ಮೇಲ್ ಮುಚ್ಚಿಹೋಗುತ್ತದೆ. ‘ಇನ್ನೇನೂ ಬಾಕಿ ಇಲ್ಲ’ ಎಂಬ ಒಕ್ಕಣೆಯ ಚುಕ್ತಾ ಪತ್ರ ಮುಂದಿಟ್ಟಾಗ, ಬಾಕಿಯಿದ್ದಲ್ಲಿ ಆಕ್ಷೇಪವನ್ನು ಅದರಲ್ಲೇ ಬರೆದು ಸಹಿ ಮಾಡಬೇಕು.