‘ಸ್ಟ್ರೀಟ್ ಫೈಟರ್ ೨’: ಗುಣ ಮತ್ತು ದೋಷ

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ೧೯೯೧ರಲ್ಲಿ ಹೊರತಂದ ಈ ವಿಡಿಯೋ ಆಟದಲ್ಲಿ ಇಬ್ಬರು ಕಾದಾಡುತ್ತಾರೆ. ಆರಿಸಿಕೊಳ್ಳಲು ಎಂಟು ಮಂದಿ ಪಟುಗಳಿದ್ದಾರೆ. ಗುದ್ದಲು ಮೂರು, ಒದೆಯಲು ಮೂರು ಗುಂಡಿಗಳು. ಹಗುರವಾದ ಪೆಟ್ಟು ಬೇಗ ತಗಲುತ್ತದೆ, ಬಲವಾದುದು ತಡವಾಗುತ್ತದೆ. ಆದುದರಿಂದ ಸುಮ್ಮನೆ ಗುಂಡಿ ಒತ್ತುವವನಿಗಿಂತ, ಎದುರಾಳಿಯ ನಡೆಯನ್ನು ಗಮನಿಸಿ ಸಮಯವರಿತು ಹೊಡೆಯುವವನೇ ಗೆಲ್ಲುತ್ತಾನೆ. ಇದು ಆಟದ ಗುಣ.

ದೋಷವೂ ಉಂಟು. ಭಾರತದವನೆಂದು ತೋರಿಸಿರುವ ಧಾಲ್ಸಿಮ್, ಕೊರಳಲ್ಲಿ ತಲೆಬುರುಡೆಗಳನ್ನು ಧರಿಸಿ, ಕೈಕಾಲುಗಳನ್ನು ಮಾರುದ್ದ ಚಾಚಿ, ಬಾಯಿಂದ ಬೆಂಕಿ ಉಗುಳುತ್ತಾನೆ. ಅದಕ್ಕೆ ‘ಯೋಗ’ವೆಂಬ ಹೆಸರು! ಇದನ್ನು ಕಂಡ ಪರದೇಶದ ಬಾಲಕನು ನಮ್ಮನ್ನು ಏನೆಂದು ತಿಳಿದಾನು?

ಇನ್ನೊಂದು ಮಾತು. ಗರಡಿಯಲ್ಲಿ ಪೆಟ್ಟು ತಿಂದವನಿಗೆ ನೋವಿನ ಅರಿವಿರುತ್ತದೆ. ಅವನು ಕೈ ತಡೆಯುವುದನ್ನೂ ಕಲಿಯುತ್ತಾನೆ. ವಿದ್ಯಾರ್ಥಿ ಮಿತ್ರರೇ, ಗುಂಡಿಯು ಆ ಪಾಠವನ್ನು ಕಲಿಸಲಾರದು.